ಎದ್ದು ನಿಲ್ಲಲು ಕಷ್ಟಪಡುವ ಹುಡುಗ ಸೋಮಾರಿಯಲ್ಲ

ಅಣ್ಣ ಗಾಲಿಕುರ್ಚಿಯಲ್ಲಿ ಕೂತಿದ್ದಾನೆ. ತಮ್ಮ ಮೆಟ್ಟಿಲು ಹತ್ತಲು ಗೋಡೆ ಹಿಡಿಯಲು ಶುರು ಮಾಡಿದ್ದಾನೆ. ಡುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿ ಎಂಬ ಕಾಯಿಲೆಯ ಚಿಕಿತ್ಸೆಯಲ್ಲಿ ತೊಡಗಿರುವ ವೈದ್ಯರಿಗೆ ಇಂಥ ಮನೆಗಳು ಹೊಸದಲ್ಲ. ಅಣ್ಣನ ಲಕ್ಷಣಗಳು ಮೂರು ನಾಲ್ಕನೇ ವಯಸ್ಸಿಗೇ ಕಂಡಿರುತ್ತವೆ. ಕಾಯಿಲೆಯ ಹೆಸರು ಗೊತ್ತಾಗುವ ಹೊತ್ತಿಗೆ ಅವನಿಗೆ ಏಳೆಂಟು ವರ್ಷವಾಗಿರುತ್ತದೆ. ನಡುವಿನ ಆ ಅವಧಿಯಲ್ಲಿ ತಮ್ಮ ಹುಟ್ಟಿರುತ್ತಾನೆ. ಎರಡನೇ ಮಗುವಿನ ವಿಷಯದಲ್ಲಿ ತಂದೆತಾಯಿಗೆ ಮುಂಚೆಯೇ ತಿಳಿದು ಯೋಚಿಸುವ ಅವಕಾಶವಿತ್ತು. ಅದು ಕೈತಪ್ಪಿ ಹೋಗಿರುತ್ತದೆ.

ಈ ವಿಳಂಬಕ್ಕೆ ಆಸ್ಪತ್ರೆ ದೂರವಿರುವುದೊಂದೇ ಕಾರಣವಲ್ಲ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಮನೆಗಳಲ್ಲಿ, ಜಗುಲಿಗಳಲ್ಲಿ, ಕೆಲವೊಮ್ಮೆ ಕ್ಲಿನಿಕ್ಕುಗಳಲ್ಲೂ ನಂಬಿಕೊಂಡು ಬಂದಿರುವ ಕೆಲವು ತಪ್ಪು ಕಲ್ಪನೆಗಳೇ ದೊಡ್ಡ ಕಾರಣ. ಡಿಎಂಡಿ ಎಂದು ಚುಟುಕಾಗಿ ಕರೆಯುವ ಈ ಕಾಯಿಲೆ ಸುಮಾರು 3,500ರಿಂದ 5,000 ಗಂಡುಮಕ್ಕಳಲ್ಲಿ ಒಬ್ಬರಿಗೆ ಬರುತ್ತದೆ. 2011ರ ಜನಗಣತಿಯಂತೆ ಹಾಸನ ಜಿಲ್ಲೆಯ ಜನಸಂಖ್ಯೆ 17 ಲಕ್ಷ 76 ಸಾವಿರ. ಇಷ್ಟು ದೊಡ್ಡ ಜಿಲ್ಲೆಯಲ್ಲಿ ಈ ಹುಡುಗರು ಇಲ್ಲದೆ ಇರಲು ಸಾಧ್ಯವಿಲ್ಲ. ನಮ್ಮ ಕಣ್ಣಿಗೆ ಬಿದ್ದಿಲ್ಲ, ಅಷ್ಟೆ.

ಕಾಯಿಲೆಯ ಮೂಲ ಇಷ್ಟು: ಸ್ನಾಯುಕೋಶಗಳಲ್ಲಿ ಡಿಸ್ಟ್ರೋಫಿನ್ ಎಂಬ ಪ್ರೋಟೀನು ಇರುತ್ತದೆ. ಹಳ್ಳದಿಣ್ಣೆಯ ರಸ್ತೆಯಲ್ಲಿ ಗಾಡಿಗೆ ಶಾಕ್ ಅಬ್ಸಾರ್ಬರ್ ಮಾಡುವ ಕೆಲಸವನ್ನೇ ಅದು ಸ್ನಾಯುವಿಗೆ ಮಾಡುತ್ತದೆ. ಅದಿಲ್ಲದಿದ್ದರೆ ನಡೆದಾಗ, ಓಡಿದಾಗ, ಮೆಟ್ಟಿಲಿಳಿದಾಗ ಸ್ನಾಯುವಿನ ಎಳೆಗಳು ಹರಿಯುತ್ತವೆ. ಚಿಕ್ಕಂದಿನಲ್ಲಿ ದೇಹ ಅದನ್ನು ರಿಪೇರಿ ಮಾಡಿಕೊಳ್ಳುತ್ತದೆ. ಬರುಬರುತ್ತಾ ಸ್ನಾಯುವಿನ ಜಾಗದಲ್ಲಿ ಕೊಬ್ಬು, ನಾರು ತುಂಬಿಕೊಳ್ಳುತ್ತವೆ. ಈ ಪ್ರೋಟೀನಿನ ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿದೆ. ಮನುಷ್ಯರ ಜೀನುಗಳಲ್ಲೇ ಅತಿ ಉದ್ದದ್ದು, ಎಕ್ಸಾನು ಎಂಬ 79 ತುಂಡುಗಳುಳ್ಳದ್ದು. ವಿಶ್ವ ಡುಶೆನ್ ಜಾಗೃತಿ ದಿನ ಸೆಪ್ಟೆಂಬರ್ 7ಕ್ಕೆ ಬಂದದ್ದೂ ಈ 79ರ ನೆನಪಿಗೇ: ಏಳನೇ ತಾರೀಕು, ಒಂಬತ್ತನೇ ತಿಂಗಳು.

ತಪ್ಪು ಕಲ್ಪನೆ: "ಹುಡುಗ ಸ್ವಲ್ಪ ನಿಧಾನ, ಬೆಳೀತಾ ಬೆಳೀತಾ ಸರಿಹೋಗ್ತಾನೆ. ಕಾಲು ನೋಡಿ, ಎಷ್ಟು ಗಟ್ಟಿಯಾಗಿದೆ!"

ಆ ಗಟ್ಟಿ ಮೀನಖಂಡವೇ ಒಂದು ಲಕ್ಷಣ. ಅದರಲ್ಲಿ ತುಂಬಿರುವುದು ಬಲವಲ್ಲ, ಬಹುಪಾಲು ಕೊಬ್ಬು ಮತ್ತು ನಾರು. ಮೊಮ್ಮಗ ಪೈಲ್ವಾನನಾಗುತ್ತಾನೆಂದು ಅಜ್ಜ ಹೆಮ್ಮೆಪಡುತ್ತಿರುವಾಗಲೇ ಅವನ ತೊಡೆ, ಸೊಂಟದ ಸ್ನಾಯುಗಳು ಸೋಲುತ್ತಿರುತ್ತವೆ.

ಗಮನಿಸಬೇಕಾದ್ದು ಏನೇನು? ಒಂದೂವರೆ ವರ್ಷ ತುಂಬಿದರೂ ನಡೆಯದಿರುವುದು. ಪದೇ ಪದೇ ಬೀಳುವುದು. ಜೊತೆಯ ಮಕ್ಕಳಂತೆ ಓಡಲು, ಜಿಗಿಯಲು ಆಗದಿರುವುದು. ತುದಿಗಾಲಲ್ಲಿ ನಡೆಯುವುದು, ಹೊಟ್ಟೆ ಮುಂದೆ ಮಾಡಿ ಅತ್ತಿತ್ತ ವಾಲುತ್ತಾ ನಡೆಯುವುದು. ಎಲ್ಲಕ್ಕಿಂತ ಸ್ಪಷ್ಟವಾದದ್ದು ನೆಲದಿಂದ ಏಳುವ ರೀತಿ. ಮಗು ಮೊದಲು ಮಗುಚಿಕೊಂಡು ಕೈಕಾಲು ಊರುತ್ತದೆ. ಆಮೇಲೆ ಮಂಡಿ, ತೊಡೆಗಳ ಮೇಲೆ ಕೈಯಿಟ್ಟು ತನ್ನ ಮೈಯನ್ನೇ ಏಣಿ ಮಾಡಿಕೊಂಡಂತೆ ಮೇಲೇಳುತ್ತದೆ. ಲಂಡನ್ನಿನ ವೈದ್ಯ ವಿಲಿಯಂ ಗವರ್ಸ್ 19ನೇ ಶತಮಾನದಲ್ಲೇ ಇದನ್ನು ಗುರುತಿಸಿ ಬರೆದಿಟ್ಟಿದ್ದರು. ಇದನ್ನು ನೋಡಲು ಯಾವ ಯಂತ್ರವೂ ಬೇಡ. ಅಂಗನವಾಡಿಯ ನೆಲದಲ್ಲಿ ಮಕ್ಕಳೆಲ್ಲ ಕೂತು ಎದ್ದಾಗ ಅಂಗನವಾಡಿ ಟೀಚರ ಕಣ್ಣಿಗೇ ಇದು ಬೀಳಬಹುದು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗಳಿಗೆ ಒಂದು ಸಲ ಬರಬೇಕು. 2013ರಿಂದ ಈ ವ್ಯವಸ್ಥೆಯಿದೆ. ತಂಡ ಬಂದ ದಿನ ಇಂಥ ಮಗುವನ್ನು ಮುಂದೆ ನಿಲ್ಲಿಸಿ ತೋರಿಸುವುದು ಟೀಚರು ಮಾಡಬಹುದಾದ ಬಹುದೊಡ್ಡ ಉಪಕಾರ.

ತಪ್ಪು ಕಲ್ಪನೆ: "ರಕ್ತ ಪರೀಕ್ಷೆಯಲ್ಲಿ ಲಿವರ್ ತೊಂದರೆ ಬಂದಿದೆ, ಕಾಮಾಲೆ ಇರಬೇಕು."

ಡಿಎಂಡಿ ಇರುವ ಎಷ್ಟೋ ಮಕ್ಕಳ ವರ್ಷಗಳು ಕಳೆದುಹೋಗುವುದು ಈ ತಪ್ಪು ದಾರಿಯಲ್ಲಿ. ಜ್ವರಕ್ಕೋ ಹೊಟ್ಟೆನೋವಿಗೋ ರಕ್ತ ಪರೀಕ್ಷೆ ಮಾಡಿಸುತ್ತಾರೆ. ಎಸ್‌ಜಿಒಟಿ, ಎಸ್‌ಜಿಪಿಟಿ ಹೆಚ್ಚಿರುತ್ತವೆ. ಅವೆರಡೂ ಲಿವರಿನ ಗುರುತು ಎಂದೇ ಎಲ್ಲರ ತಲೆಯಲ್ಲಿ ಕೂತಿರುವುದರಿಂದ ಔಷಧಿ ಲಿವರಿಗೆ ಶುರುವಾಗುತ್ತದೆ. ಮನೆಯವರು ಕಾಮಾಲೆಗೆ ಸೊಪ್ಪಿನ ಔಷಧಿ ಕೊಡುವವರಲ್ಲಿಗೆ ಹೋಗುತ್ತಾರೆ. ಪಥ್ಯ ಹಿಡಿಸಿ ಮಗುವನ್ನು ಇನ್ನಷ್ಟು ಬಡಕಲು ಮಾಡುತ್ತಾರೆ. ಆದರೆ ಈ ಎರಡು ಕಿಣ್ವಗಳು ಸ್ನಾಯುವಿನಲ್ಲೂ ಇವೆ. ಸ್ನಾಯು ಹರಿದಾಗ ರಕ್ತಕ್ಕೆ ಸೋರುತ್ತವೆ.

ಕಣ್ಣು ಹಳದಿಯಾಗಿಲ್ಲ, ಬಿಲಿರುಬಿನ್ ಸರಿಯಾಗಿದೆ, ಆದರೂ ಎಸ್‌ಜಿಒಟಿ, ಎಸ್‌ಜಿಪಿಟಿ ಜಾಸ್ತಿ ಇವೆ ಎಂದಾದರೆ ಗಂಡುಮಗುವಿಗೆ ಸಿಪಿಕೆ ಎಂಬ ಇನ್ನೊಂದು ರಕ್ತ ಪರೀಕ್ಷೆ ಮಾಡಿಸಲೇಬೇಕು. ಸಾಮಾನ್ಯವಾಗಿ 200ರ ಆಸುಪಾಸಿನಲ್ಲಿ ಇರುವ ಸಿಪಿಕೆ ಈ ಹುಡುಗರಲ್ಲಿ ಅನೇಕ ವೇಳೆ 10,000 ದಾಟಿರುತ್ತದೆ. ಅಷ್ಟು ದೊಡ್ಡ ಅಂಕಿ ಕಂಡ ವೈದ್ಯರು ಸ್ನಾಯುವಿನ ಕಡೆ ನೋಡದೆ ಇರಲಾರರು. ಇದು ದುಬಾರಿ ಪರೀಕ್ಷೆಯಲ್ಲ. ಕೇಳಿ ಮಾಡಿಸಿಕೊಳ್ಳಲು ಸಂಕೋಚ ಬೇಡ.

ತಪ್ಪು ಕಲ್ಪನೆ: "ಪೋಲಿಯೋ ಇರಬೇಕು. ಇಲ್ಲವೇ ಆ ಹನಿ ಹಾಕಿಸಿದ್ದರಿಂದಲೇ ಹೀಗಾಯಿತು."

ಭಾರತದಲ್ಲಿ ಕಾಡು ವೈರಸ್ಸಿನ ಪೋಲಿಯೋ ಕೊನೆಯ ಬಾರಿ ಕಂಡದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾದಲ್ಲಿ. 2014ರ ಮಾರ್ಚಿನಲ್ಲಿ ದೇಶ ಪೋಲಿಯೋ ಮುಕ್ತವೆಂದು ಘೋಷಣೆಯಾಯಿತು. ಪೋಲಿಯೋ ಬಂದರೆ ಕೆಲವೇ ದಿನಗಳಲ್ಲಿ, ಹೆಚ್ಚಾಗಿ ಒಂದೇ ಕಡೆಯ ಕಾಲು ಸೋಲುತ್ತದೆ. ಡಿಎಂಡಿ ಎರಡೂ ಕಡೆ ಸಮನಾಗಿ, ವರ್ಷಗಟ್ಟಲೆ ನಿಧಾನವಾಗಿ ಏರುತ್ತದೆ. ಲಸಿಕೆಗೂ ಇದಕ್ಕೂ ಸಂಬಂಧವೇ ಇಲ್ಲ. ಜೀನಿನ ದೋಷ ತಾಯಿಯ ಗರ್ಭದಲ್ಲಿ ಮೊದಲ ಕೋಶವಾಗಿದ್ದಾಗಲೇ ಇತ್ತು. ಈ ಮಕ್ಕಳಿಗೆ ಲಸಿಕೆಗಳು ಬೇರೆಯವರಿಗಿಂತ ಹೆಚ್ಚು ಅಗತ್ಯ.

ತಪ್ಪು ಕಲ್ಪನೆ: "ನಾಗದೋಷ, ಯಾರದೋ ಶಾಪ, ತಿನ್ನಬಾರದ್ದು ತಿಂದದ್ದು."

ಅರಕಲಗೂಡು ತಾಲ್ಲೂಕಿನ ರಾಮನಾಥಪುರಕ್ಕೆ ಹೋಗಿ ಸುಬ್ರಹ್ಮಣ್ಯನಿಗೆ ಹರಕೆ ಕಟ್ಟಿಕೊಳ್ಳುವ ತಾಯಂದಿರ ಬಗ್ಗೆ ನನಗೆ ಗೌರವವೇ ಇದೆ. ಮಗುವಿಗಾಗಿ ಕೈಮುಗಿಯುವುದರಲ್ಲಿ ತಪ್ಪೇನಿದೆ? ಹರಕೆ ತೀರಿಸುವ ತನಕ ಆಸ್ಪತ್ರೆಗೆ ಹೋಗುವುದು ಬೇಡ ಎಂದು ಹಿರಿಯರು ತಡೆಯುವುದು ಮಾತ್ರ ತಪ್ಪು. ಕಾಯಿಲೆ ಕಾಯುವುದಿಲ್ಲ.

ಗೊತ್ತಿಲ್ಲದ ಕಾಯಿಲೆಗೆ ಕಾರಣ ಹುಡುಕುವ ಆತುರ ಏನು ಮಾಡುತ್ತದೆ ಎಂಬುದನ್ನು ನಮ್ಮ ರಾಜ್ಯ ಒಮ್ಮೆ ಚೆನ್ನಾಗಿ ನೋಡಿದೆ. 1975ರ ಸುಮಾರಿಗೆ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಸೊಂಟ, ಮಂಡಿಯ ಕೀಲುಗಳು ಸವೆದು ನಡೆಯಲಾಗದವರು ಒಂದೇ ಊರಿನಲ್ಲಿ ಹಲವರು ಕಂಡರು. ಅಕ್ಕಪಕ್ಕದ ಹಳ್ಳಿಗಳಲ್ಲೂ, ಚಿಕ್ಕಮಗಳೂರು ಜಿಲ್ಲೆಯ ಕಡೆಯೂ ಅಂಥವರಿದ್ದರು. ಹೆಚ್ಚಿನವರು ದಲಿತ ಸಮುದಾಯಗಳ ಕೂಲಿಕಾರರು. ಭತ್ತದ ಗದ್ದೆಯ ಏಡಿ, ಮೀನು ತಿನ್ನುತ್ತಾರೆ, ಗದ್ದೆಗೆ ಹೊಡೆದ ಕೀಟನಾಶಕ ಅದರಲ್ಲಿದೆ, ಅದರಿಂದಲೇ ಕಾಯಿಲೆ ಎಂಬ ಮಾತು ಹಬ್ಬಿತು. ಬಡವರ ಊಟದ ತಟ್ಟೆಯ ಮೇಲೆ ಅನುಮಾನ ಬಿತ್ತು. ವರ್ಷಗಳ ನಂತರ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದಲ್ಲಿ ಮನೆತನಗಳ ವಂಶವೃಕ್ಷ ಬಿಡಿಸಿ ನೋಡಿದಾಗ ಅದು ತಲೆಮಾರಿನಿಂದ ತಲೆಮಾರಿಗೆ ಇಳಿಯುವ ಮೂಳೆಯ ಆನುವಂಶಿಕ ಕಾಯಿಲೆ, ತಂದೆ ಅಥವಾ ತಾಯಿ ಒಬ್ಬರಿಗಿದ್ದರೆ ಮಗುವಿಗೆ ಬರುವ ಸಾಧ್ಯತೆ ಅರ್ಧದಷ್ಟು ಎಂದು ಸ್ಪಷ್ಟವಾಯಿತು. ಇಂದಿಗೂ ಅದನ್ನು 'ನಿಗೂಢ ಕಾಯಿಲೆ' ಎಂದೇ ಬರೆಯುವವರಿದ್ದಾರೆ. ಆ ಜನರಿಗೆ ಬೇಕಿದ್ದದ್ದು ನಿಗೂಢತೆಯಲ್ಲ, ಆನುವಂಶಿಕ ಸಲಹೆ, ಪಿಂಚಣಿ ಮತ್ತು ಕೀಲಿನ ಚಿಕಿತ್ಸೆ.

ತಪ್ಪು ಕಲ್ಪನೆ: "ತಾಯಿಯ ಕಡೆಯಿಂದ ಬಂದ ಕಾಯಿಲೆ, ಅಂದಮೇಲೆ ತಪ್ಪು ಅವಳದೇ."

ಈ ಒಂದು ಮಾತು ಎಷ್ಟು ಮನೆ ಒಡೆದಿದೆಯೋ! ವೈದ್ಯರು 'ಜೀನ್ ತಾಯಿಯಿಂದ ಬರುತ್ತದೆ' ಎಂದು ಅರ್ಧ ವಾಕ್ಯ ಹೇಳಿದರೆ ಸಾಕು, ಉಳಿದರ್ಧವನ್ನು ಅತ್ತೆಮನೆಯವರು ತುಂಬಿಸುತ್ತಾರೆ. ಸೊಸೆಯನ್ನು ತವರಿಗೆ ಕಳಿಸುವುದು, ಮಗನಿಗೆ ಇನ್ನೊಂದು ಮದುವೆಯ ಮಾತೆತ್ತುವುದು, ಕಾಯಿಲೆಯ ಹುಡುಗನನ್ನು ಅವಳ ಮಡಿಲಿಗೇ ಬಿಟ್ಟು ಗಂಡ ದೂರವಾಗುವುದು ಇದೆಲ್ಲ ಅಲ್ಲಿಂದ ಶುರುವಾಗುತ್ತದೆ.

ಹಾಗಾಗಿ ಪೂರ್ತಿ ವಾಕ್ಯ ಹೇಳಬೇಕು. ಹೆಣ್ಣಿಗೆ ಎರಡು ಎಕ್ಸ್ ಕ್ರೋಮೋಸೋಮುಗಳಿವೆ, ಗಂಡಿಗೆ ಒಂದೇ. ಅದೊಂದು ತಾಯಿಯಿಂದಲೇ ಬರುವಂಥದ್ದು. ತಾಯಿಯ ಒಂದು ಎಕ್ಸ್‌ನಲ್ಲಿ ದೋಷವಿದ್ದರೂ ಇನ್ನೊಂದು ಸರಿಯಿರುವುದರಿಂದ ಅವಳಿಗೆ ಸಾಮಾನ್ಯವಾಗಿ ಏನೂ ಗೊತ್ತಾಗುವುದಿಲ್ಲ. ಅವಳಿಗೆ ಹುಟ್ಟುವ ಪ್ರತಿ ಗಂಡುಮಗುವಿಗೂ ಕಾಯಿಲೆ ಬರುವ ಸಾಧ್ಯತೆ ಅರ್ಧ. ಪ್ರತಿ ಹೆಣ್ಣುಮಗು ಅವಳಂತೆಯೇ ಆ ದೋಷದ ವಾಹಕಳಾಗುವ ಸಾಧ್ಯತೆಯೂ ಅರ್ಧ. ಆದರೆ ಸುಮಾರು ಮೂರರಲ್ಲಿ ಒಂದು ಪ್ರಕರಣದಲ್ಲಿ ತಾಯಿ ವಾಹಕಳೇ ಅಲ್ಲ. ಜೀನಿನ ಆ ಬದಲಾವಣೆ ಆ ಮಗುವಿನಲ್ಲೇ ಹೊಸದಾಗಿ ಆಗಿರುತ್ತದೆ. ಇಂಗ್ಲೆಂಡಿನ ರಾಣಿ ವಿಕ್ಟೋರಿಯಾ ಇದೇ ರೀತಿ ಎಕ್ಸ್ ಕ್ರೋಮೋಸೋಮಿನಲ್ಲಿ ಬರುವ ಹಿಮೋಫಿಲಿಯಾದ ವಾಹಕಿಯಾಗಿದ್ದರು. ಅವರ ಮಗ ಲಿಯೋಪೋಲ್ಡ್ 1884ರಲ್ಲಿ ತೀರಿಕೊಂಡದ್ದು ಆ ರಕ್ತಸ್ರಾವದಿಂದಲೇ. ಆದರೆ ವಿಕ್ಟೋರಿಯಾರ ಪೂರ್ವಜರಲ್ಲಿ ಯಾರಿಗೂ ಆ ಕಾಯಿಲೆ ಇದ್ದ ದಾಖಲೆಯಿಲ್ಲ.

ಮಾಡಬೇಕಾದ್ದು ತಾಯಿಯ ವಿಚಾರಣೆಯಲ್ಲ, ಪರೀಕ್ಷೆ. ಹುಡುಗನ ಡಿಎನ್‌ಎ ಪರೀಕ್ಷೆಯಲ್ಲಿ ದೋಷ ಯಾವ ಎಕ್ಸಾನಿನಲ್ಲಿದೆ ಎಂದು ಗೊತ್ತಾದ ಮೇಲೆ ಅದೇ ದೋಷಕ್ಕಾಗಿ ತಾಯಿಯ ರಕ್ತವನ್ನು ನೋಡುತ್ತಾರೆ. ಎಂಎಲ್‌ಪಿಎ ಎಂಬ ಪರೀಕ್ಷೆಯೊಂದರಿಂದಲೇ ಬಹುಪಾಲು ಹುಡುಗರಲ್ಲಿ ಉತ್ತರ ಸಿಗುತ್ತದೆ, ಉಳಿದವರಿಗೆ ಜೀನನ್ನು ಪೂರ್ತಿ ಓದುವ ಪರೀಕ್ಷೆ ಬೇಕಾಗುತ್ತದೆ. ತಾಯಿಯ ವರದಿ ಸರಿಯಿದ್ದರೂ ಮುಂದಿನ ಮಗುವಿಗೆ ಸಣ್ಣ ಅಪಾಯ ಉಳಿದೇ ಇರುತ್ತದೆ. ದೋಷ ಅಂಡಾಶಯದ ಕೆಲವು ಕೋಶಗಳಲ್ಲಿ ಮಾತ್ರ ಇದ್ದು ರಕ್ತದಲ್ಲಿ ಕಾಣದೆ ಇರಬಹುದು. ವಾಹಕಳೆಂದು ಗೊತ್ತಾದ ತಾಯಿ ತನ್ನ ಹೃದಯವನ್ನೂ ಆಗಾಗ ಪರೀಕ್ಷೆ ಮಾಡಿಸಿಕೊಳ್ಳಬೇಕು. ಕೆಲವರಲ್ಲಿ ವಯಸ್ಸಾದಂತೆ ಹೃದಯದ ಸ್ನಾಯು ದುರ್ಬಲವಾಗುತ್ತದೆ. ಇದನ್ನು ಅವಳಿಗೆ ಹೇಳುವವರೇ ಕಡಿಮೆ.

ಮುಂದಿನ ಗರ್ಭದಲ್ಲಿ ಹನ್ನೊಂದರಿಂದ ಹದಿಮೂರನೇ ವಾರದ ಸುಮಾರಿಗೆ ಮಾಸುವಿನ ಸಣ್ಣ ಚೂರು ತೆಗೆದು ಪರೀಕ್ಷೆ ಮಾಡಬಹುದು. ಭ್ರೂಣಲಿಂಗ ಪತ್ತೆ ನಿಷೇಧದ 1994ರ ಕಾನೂನು ಇದನ್ನು ತಡೆಯುತ್ತದೆ ಎಂದು ಹಲವರು ತಿಳಿದಿದ್ದಾರೆ, ಹಾಗಿಲ್ಲ. ಲಿಂಗ ತಿಳಿಸುವುದು ಅಪರಾಧ. ಆದರೆ ಇಂಥ ಆನುವಂಶಿಕ ಕಾಯಿಲೆಗಳನ್ನು ನೋಂದಾಯಿತ ಕೇಂದ್ರಗಳಲ್ಲಿ ಪರೀಕ್ಷಿಸಲು ಅದೇ ಕಾನೂನು ಅವಕಾಶ ಕೊಟ್ಟಿದೆ. ಮೊದಲ ಮಗನ ಡಿಎನ್‌ಎ ವರದಿ ಕೈಯಲ್ಲಿರಬೇಕು, ಅಷ್ಟೆ. ಅದಿಲ್ಲದೆ ಗರ್ಭಿಣಿಯಾದ ಮೇಲೆ ಓಡಾಡಿದರೆ ವಾರಗಳು ಸಾಲುವುದಿಲ್ಲ.

ತಪ್ಪು ಕಲ್ಪನೆ: "ನಮ್ಮದು ಸಂಬಂಧದಲ್ಲಿ ಆದ ಮದುವೆಯಲ್ಲ, ವಂಶದ ಕಾಯಿಲೆ ಹೇಗೆ ಬರುತ್ತೆ?"

ಅಕ್ಕನ ಮಗಳನ್ನು, ಸೋದರತ್ತೆಯ ಮಗನನ್ನು ಮದುವೆಯಾಗುವುದು ನಮ್ಮ ಕಡೆ ಹಳೆಯ ರೂಢಿ. ಹಾಗಾಗಿ ಆನುವಂಶಿಕ ಕಾಯಿಲೆ ಎಂದ ಕೂಡಲೇ ನೆನಪಾಗುವುದು ಅದೇ. ತಂದೆ ತಾಯಿ ಇಬ್ಬರಿಂದಲೂ ದೋಷದ ಜೀನ್ ಬಂದರೆ ಮಾತ್ರ ಕಾಣಿಸಿಕೊಳ್ಳುವ ಕಾಯಿಲೆಗಳಲ್ಲಿ, ಉದಾಹರಣೆಗೆ ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ ಮತ್ತು ಕೆಲವು ಬೇರೆ ಬಗೆಯ ಸ್ನಾಯುಕ್ಷಯಗಳಲ್ಲಿ, ರಕ್ತಸಂಬಂಧದ ಮದುವೆ ಅಪಾಯವನ್ನು ನಿಜವಾಗಿಯೂ ಹೆಚ್ಚಿಸುತ್ತದೆ. ಡಿಎಂಡಿಯ ಲೆಕ್ಕ ಬೇರೆ. ಇಲ್ಲಿ ಮಗನಿಗೆ ತಂದೆಯ ಎಕ್ಸ್ ಬರುವುದೇ ಇಲ್ಲ. ತಂದೆ ಸೋದರಮಾವನೇ ಆಗಿರಲಿ, ಪರಸ್ಥಳದವನೇ ಆಗಿರಲಿ, ಹುಡುಗನ ಅಪಾಯ ಬದಲಾಗುವುದಿಲ್ಲ.

ತಪ್ಪು ಕಲ್ಪನೆ: "ಇದಕ್ಕೆ ಔಷಧಿಯೇ ಇಲ್ಲವಂತೆ, ಸುಮ್ಮನೆ ಯಾಕೆ ಬೆಂಗಳೂರಿಗೆ ಅಲೆಯೋದು?"

ಪೂರ್ತಿ ಗುಣಪಡಿಸುವ ಔಷಧಿ ಇಲ್ಲ ನಿಜ. ಆದರೆ ಆರೈಕೆ ಸಿಕ್ಕ ಹುಡುಗನಿಗೂ ಸಿಗದ ಹುಡುಗನಿಗೂ ವ್ಯತ್ಯಾಸ ವರ್ಷಗಳದ್ದು. ಹಿಂದೆ ಹದಿಹರೆಯ ದಾಟುವುದೇ ಕಷ್ಟವಾಗಿದ್ದ ಈ ಕಾಯಿಲೆಯಲ್ಲಿ, ಒಳ್ಳೆಯ ಆರೈಕೆ ಇರುವ ಕಡೆ ಈಗ ಮೂವತ್ತರ ಆಸುಪಾಸಿನವರೆಗೆ, ಅದರಾಚೆಗೂ ಬದುಕುವವರಿದ್ದಾರೆ.

ಪ್ರೆಡ್ನಿಸೊಲೋನ್ ಅಥವಾ ಡೆಫ್ಲಾಜಾಕಾರ್ಟ್ ಎಂಬ ಸ್ಟಿರಾಯ್ಡನ್ನು ಸರಿಯಾದ ವಯಸ್ಸಿನಲ್ಲಿ ಶುರು ಮಾಡಿದರೆ ನಡೆಯುವ ಶಕ್ತಿ ಇನ್ನೂ ಕೆಲವು ವರ್ಷ ಉಳಿಯುತ್ತದೆ, ಬೆನ್ನು ಸೊಟ್ಟಗಾಗುವುದೂ ಕಡಿಮೆಯಾಗುತ್ತದೆ. ಸ್ಟಿರಾಯ್ಡ್ ಎಂದರೆ ವಿಷ ಎಂಬ ಭಯ ಹಳ್ಳಿಯಲ್ಲೂ ಪೇಟೆಯಲ್ಲೂ ಇದೆ. ಅಡ್ಡ ಪರಿಣಾಮಗಳು ಇವೆ. ತೂಕ ಏರುತ್ತದೆ, ಎತ್ತರ ಕುಂಠಿತವಾಗುತ್ತದೆ, ಮೂಳೆ ಟೊಳ್ಳಾಗುತ್ತದೆ, ಕಣ್ಣಿಗೆ ಪೊರೆ ಬರಬಹುದು. ಅವನ್ನೆಲ್ಲ ವೈದ್ಯರು ನೋಡಿಕೊಂಡೇ ಡೋಸ್ ಹೊಂದಿಸುತ್ತಾರೆ. ಅದಕ್ಕಿಂತ ಅಪಾಯಕಾರಿಯಾದದ್ದು ಅಕ್ಕಪಕ್ಕದವರ ಮಾತು ಕೇಳಿ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿಬಿಡುವುದು. ಹಾಗೆ ಮಾಡಿದರೆ ಜೀವಕ್ಕೇ ಕುತ್ತು. ಜೀವಂತ ಲಸಿಕೆಗಳು, ಉದಾಹರಣೆಗೆ ಚಿಕನ್‌ಪಾಕ್ಸ್ ಲಸಿಕೆ, ಸ್ಟಿರಾಯ್ಡ್ ಶುರುವಾಗುವ ಮುಂಚೆಯೇ ಆಗಿರಬೇಕು.

ಪ್ರತಿದಿನ ಹಿಮ್ಮಡಿ, ಮಂಡಿ, ಸೊಂಟದ ಸ್ನಾಯುಗಳನ್ನು ಮೆಲ್ಲಗೆ ಎಳೆಯುವ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟರಿಂದ ಕಲಿತು ಮನೆಯಲ್ಲೇ ಅಮ್ಮ ಮಾಡಿಸಬಹುದು. ಭಾರ ಎತ್ತಿಸುವುದು, ಬಲ ಬರಲೆಂದು ಮೆಟ್ಟಿಲು ಹತ್ತಿಳಿಸುವುದು ಬೇಡ, ಅದರಿಂದ ಸ್ನಾಯು ಇನ್ನಷ್ಟು ಹರಿಯುತ್ತದೆ. ಹೃದಯವೂ ಸ್ನಾಯುವೇ. ಹುಡುಗ ಚೆನ್ನಾಗಿಯೇ ಕಂಡರೂ ವರ್ಷಕ್ಕೊಮ್ಮೆ ಎಕೋ ಪರೀಕ್ಷೆ ಆಗಲೇಬೇಕು. ಹೃದಯದ ಮಾತ್ರೆಗಳು ಹತ್ತನೇ ವಯಸ್ಸಿನ ಹೊತ್ತಿಗೇ ಶುರುವಾಗಬಹುದು. ಯಾವುದೇ ಆಪರೇಷನ್ನಿಗೆ ಮುಂಚೆ ಅರಿವಳಿಕೆ ಕೊಡುವ ವೈದ್ಯರಿಗೆ 'ಡಿಎಂಡಿ ಇದೆ' ಎಂದು ಹೇಳುವುದನ್ನು ಮರೆಯಬೇಡಿ. ಸಕ್ಸಿನೈಲ್‌ಕೋಲಿನ್ ಎಂಬ ಔಷಧಿ ಈ ಮಕ್ಕಳ ಹೃದಯವನ್ನು ನಿಲ್ಲಿಸಬಲ್ಲದು. ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಹುಡುಗನ ಫೈಲಿನ ಮೇಲೆ ಅಂಟಿಸಿಡಿ.

ತಪ್ಪು ಕಲ್ಪನೆ: "ಸ್ಟೆಮ್ ಸೆಲ್ ಹಾಕಿಸಿದರೆ ಗ್ಯಾರಂಟಿ ನಡೀತಾನೆ."

ಗ್ಯಾರಂಟಿ ಕೊಟ್ಟವರನ್ನು ನಂಬಬೇಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ ಇಂಥ ಕಾಯಿಲೆಗೆ ಸ್ಟೆಮ್ ಸೆಲ್ ಕೊಡುವುದು ಅನುಮತಿ ಪಡೆದ ಕ್ಲಿನಿಕಲ್ ಟ್ರಯಲ್‌ನಲ್ಲಿ ಮಾತ್ರ. ಟ್ರಯಲ್‌ಗೆ ರೋಗಿಯಿಂದ ಹಣ ಪಡೆಯುವಂತಿಲ್ಲ. ಜಮೀನು ಅಡವಿಟ್ಟು ಲಕ್ಷಗಟ್ಟಲೆ ಕಟ್ಟಿ ಎಂದವರು ನಿಮ್ಮ ಹುಡುಗನನ್ನಲ್ಲ, ನಿಮ್ಮ ಜಮೀನನ್ನು ನೋಡುತ್ತಿದ್ದಾರೆ. ಅಮೆರಿಕದಲ್ಲಿ 2023ರಲ್ಲಿ ಒಪ್ಪಿಗೆ ಪಡೆದ ಜೀನ್ ಚಿಕಿತ್ಸೆಯ ಬೆಲೆ 32 ಲಕ್ಷ ಡಾಲರ್. ಅದೂ ಪೂರ್ತಿ ಗುಣ ಮಾಡುವುದಿಲ್ಲ. 2025ರಲ್ಲಿ ಅದನ್ನು ಪಡೆದ, ನಡೆಯಲಾಗದ ಸ್ಥಿತಿಯಲ್ಲಿದ್ದ ಇಬ್ಬರು ಹುಡುಗರು ಲಿವರ್ ವೈಫಲ್ಯದಿಂದ ತೀರಿಕೊಂಡ ಮೇಲೆ ಬಳಕೆಗೆ ಕಟ್ಟುಪಾಡು ಬಿತ್ತು. ಸಂಶೋಧನೆ ನಡೆಯುತ್ತಿದೆ, ಆಸೆಗೆ ಕಾರಣವಿದೆ. ಮಾರಾಟಕ್ಕಿರುವ ಪವಾಡ ಯಾವುದೂ ಇಲ್ಲ.

ತಪ್ಪು ಕಲ್ಪನೆ: "ನಮ್ಮಂಥವರಿಗೆ ಎಲ್ಲಿ ಏನು ಸಿಗುತ್ತೆ?"

ಜಿಲ್ಲಾ ಆಸ್ಪತ್ರೆಯಿಂದ, ಅಂದರೆ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಿಂದ ಶುರು ಮಾಡಿ. ಅಲ್ಲಿಂದ ರೆಫರಲ್ ಚೀಟಿ ಪಡೆದು ಬೆಂಗಳೂರಿನ ನಿಮ್ಹಾನ್ಸ್‌ಗೆ ಅಥವಾ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಗೆ ಹೋಗಬಹುದು. ಈ ಮಕ್ಕಳ ಆಸ್ಪತ್ರೆ ಮತ್ತು ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಸೇರಿ 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯ ಉತ್ಕೃಷ್ಟತಾ ಕೇಂದ್ರವಾಗಿವೆ. ಆ ನೀತಿಯಲ್ಲಿ ಡಿಎಂಡಿಯ ಹೆಸರಿದೆ, ನೆರವಿನ ಮಿತಿಯನ್ನು 2022ರಲ್ಲಿ 50 ಲಕ್ಷ ರೂಪಾಯಿಗೆ ಏರಿಸಲಾಗಿದೆ. ಎಲ್ಲ ಹುಡುಗರಿಗೂ ಅದು ಸಿಗುತ್ತಿಲ್ಲ, ಅದಕ್ಕಾಗಿ ಕುಟುಂಬಗಳು ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿವೆ. ಆದರೂ ಹೆಸರು ನೋಂದಾಯಿಸದವರಿಗೆ ಯಾವತ್ತೂ ಸಿಗಲಾರದು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಯ ಅಂಗವೈಕಲ್ಯಗಳಲ್ಲಿ ಮಸ್ಕ್ಯುಲರ್ ಡಿಸ್ಟ್ರೋಫಿ ಹೆಸರು ಹಿಡಿದೇ ಇದೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸಿಕೊಳ್ಳಿ. ಶೇ. 40 ಅಥವಾ ಹೆಚ್ಚು ಅಂಗವೈಕಲ್ಯವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲಿ ಉಚಿತವಾಗಿ ಓದುವ ಹಕ್ಕಿದೆ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆಯಲು ಸಹಾಯಕ ಸಿಗುತ್ತಾರೆ. ಈ ಹುಡುಗರು ದಡ್ಡರೆಂದು ಶಾಲೆ ಬಿಡಿಸುವವರಿದ್ದಾರೆ. ಕೆಲವರಿಗೆ ಕಲಿಕೆಯ ತೊಂದರೆ ಇರುತ್ತದೆ, ಹೆಚ್ಚಿನವರು ಎಲ್ಲರ ಜೊತೆ ಕಲಿಯಬಲ್ಲರು. ಕಾಯಿಲೆ ಅಂಟುವುದಿಲ್ಲ. ಕಟ್ಟಡದ ಮೊದಲ ಮಹಡಿಯಲ್ಲಿರುವ ತರಗತಿಯನ್ನು ಕೆಳಗೆ ತಂದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ತಪ್ಪು ಕಲ್ಪನೆ: "ಹೊರಗೆ ಹೇಳಿದರೆ ಮನೆಯ ಹೆಣ್ಣುಮಕ್ಕಳ ಮದುವೆ ಕಷ್ಟವಾಗುತ್ತೆ."

ಇದು ಸುಳ್ಳು ಭಯವಲ್ಲ, ನಮ್ಮ ಸಮಾಜ ಹಾಗೆಯೇ ಇದೆ. ಊರಿಗೆಲ್ಲ ಸಾರಬೇಕೆಂದು ಯಾರೂ ಹೇಳುತ್ತಿಲ್ಲ. ಆದರೆ ಅರಕಲಗೂಡಿನಲ್ಲಿ ಒಬ್ಬ ಹುಡುಗನಿಗೆ ಡಿಎಂಡಿ ಪತ್ತೆಯಾದ ವಿಷಯ ಚನ್ನರಾಯಪಟ್ಟಣಕ್ಕೆ ಮದುವೆಯಾಗಿ ಹೋದ ಅವನ ಚಿಕ್ಕಮ್ಮನಿಗೆ ಗೊತ್ತಾಗದಿದ್ದರೆ, ಆಕೆ ವಾಹಕಳೋ ಅಲ್ಲವೋ ತಿಳಿಯದೆಯೇ ಮಗು ಹೆರುತ್ತಾಳೆ. ವಾಹಕಳಾಗಿರುವುದು ಮದುವೆಗೆ ಅಡ್ಡಿಯಲ್ಲ, ತಾಯಿಯಾಗಲೂ ಅಡ್ಡಿಯಲ್ಲ. ಮುಂಚೆಯೇ ತಿಳಿದಿದ್ದರೆ ಗರ್ಭದ ಆರಂಭದಲ್ಲೇ ಪರೀಕ್ಷೆ ಮಾಡಿಸಿ ಗಂಡಹೆಂಡತಿ ಕೂತು ತೀರ್ಮಾನಿಸಬಹುದು.

ನಿಮ್ಮ ಮನೆಯಲ್ಲಿ ಇಂಥ ಹುಡುಗನಿದ್ದರೆ ಅವನ ಡಿಎನ್‌ಎ ವರದಿಯ ಜೆರಾಕ್ಸ್ ಪ್ರತಿಗಳನ್ನು ಮಾಡಿಸಿ. ಅವನ ಅಮ್ಮನ ಅಕ್ಕತಂಗಿಯರಿಗೆ, ದೊಡ್ಡಮ್ಮ ಚಿಕ್ಕಮ್ಮಂದಿರ ಹೆಣ್ಣುಮಕ್ಕಳಿಗೆ, ಅವನ ಸ್ವಂತ ಅಕ್ಕತಂಗಿಯರಿಗೆ ವಯಸ್ಸಿಗೆ ಬಂದ ಮೇಲೆ, ಒಂದೊಂದು ಪ್ರತಿ ಕೊಡಿ. ಅದನ್ನು ಹಿಡಿದು ಆನುವಂಶಿಕ ಸಲಹೆಗಾರರನ್ನು ಕಾಣಲು ಹೇಳಿ.